ಎರಡನೇ ಆರನೇ ತಿಂಗಳು

ನ್ಯು ಕೇರಿ, ತಾಯ್ ಸರೋವರದ ದಕ್ಷಿಣ ದಂಡೆ
ಮೊಲದ ವರ್ಷ, ಎರಡನೇ ತಿಂಗಳು, ಹತ್ತನೇ ದಿನ

ಮಗಳೇ ಸುಲಾನ್,

ಹೊಸ ವರ್ಷಕ್ಕೆ ನೀನು ಬರಲಿಲ್ಲ. ಬರುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಆದರೂ ನಿನ್ನ ಚಿಕ್ಕಮ್ಮನ ಎದುರು ಬಂದೇ ಬರುತ್ತಾಳೆ ಎಂದು ಎದೆ ತಟ್ಟಿ ಹೇಳಿದ್ದೆ. ಈಗ ಅವಳು ಅದನ್ನೇ ಹಿಡಿದುಕೊಂಡು ದಿನಾ ಆಡಿಕೊಳ್ಳುತ್ತಿದ್ದಾಳೆ. ಇರಲಿ, ನನಗೆ ಅಭ್ಯಾಸವಾಗಿದೆ.

ಹಬ್ಬದ ಹಿಂದಿನ ಸಂಜೆ ನಿನ್ನಪ್ಪ ಎಲ್ಲರಿಗೂ ಬಟ್ಟಲು ಜೋಡಿಸಿ, ಕೊನೆಗೆ ಇನ್ನೊಂದನ್ನು ಇಟ್ಟ. “ಅದು ಯಾರಿಗಣ್ಣ?” ಅಂದೆ. “ಲೆಕ್ಕ ತಪ್ಪಿತು” ಅಂತ ತೆಗೆದುಬಿಟ್ಟ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬಟ್ಟಲು ಅಲ್ಲೇ ಇರುತ್ತಿತ್ತು. ಆದರೆ ನಾನು ಬಾಯಿ ಮುಚ್ಚಿಕೊಂಡದ್ದನ್ನು ನೀನಾದರೂ ಯಾವಾಗ ಕಂಡಿದ್ದೀಯ?

ಮೊನ್ನೆ ಪಕ್ಕದ ಶೆನ್ ಅಜ್ಜಿ, “ಗೆನ್‌ಫು, ನಿನ್ನ ಅಳಿಯನಿಗೆ ಏನು ಕೆಲಸ?” ಅಂತ ಕೇಳಿದಳು. ಅಣ್ಣ ತಲೆ ಎತ್ತಲಿಲ್ಲ. “ಯಾವ ಅಳಿಯ? ನನ್ನ ಮಗಳಿಗೆ ಇನ್ನೂ ಮದುವೆ ಆಗಿಲ್ಲ” ಅಂದ. ಅಜ್ಜಿ ನನ್ನ ಮುಖ ನೋಡಿದಳು, ನಾನು ಬಾತುಕೋಳಿಗಳ ಕಡೆ ನೋಡಿದೆ.

ಅವನ ವಾದ ನಿನಗೆ ಗೊತ್ತಿರುವುದೇ. ನೀನು ಮದುವೆಯಾದ ಹುಲಿಯ ವರ್ಷ ಕುರುಡು ವರ್ಷ. ವಸಂತದ ಮೊದಲ ದಿನ ಕಳೆದ ಮೇಲೆ ಅದು ಹುಟ್ಟಿತು, ಮುಂದಿನ ವಸಂತ ಬರುವ ಮೊದಲೇ ಮುಗಿಯಿತು. ವಸಂತದ ಮುಖವನ್ನೇ ಕಾಣದ ವರ್ಷದಲ್ಲಿ ಯಾರೂ ಮದುವೆಯಾಗುವುದಿಲ್ಲ, ಜೋಡಿಯಲ್ಲಿ ಒಬ್ಬರು ಉಳಿಯುವುದಿಲ್ಲ ಎನ್ನುತ್ತಾರೆ. ನಿನ್ನ ಬಟ್ಟೆ ಗಿರಣಿಯವರು ವರ್ಷದ ಕೊನೆಯೊಳಗೆ ಮದುವೆಯಾದವರಿಗೆ ಮಾತ್ರ ಕೋಣೆ ಕೊಡುತ್ತಾರೆಂದು ನೀನು ಬರೆದದ್ದನ್ನು ನಾನೇ ಅವನಿಗೆ ಓದಿ ಹೇಳಿದೆ. “ಕೋಣೆಗೋಸ್ಕರ ಗಂಡನ್ನ ಪಣಕ್ಕಿಟ್ಟಳಾ?” ಅಂದ. ಅಲ್ಲಿಂದ ಈಚೆಗೆ ನಿನ್ನ ಮದುವೆ ಆಗಿಯೇ ಇಲ್ಲ.

ಈಗ ನನ್ನ ಉಪಾಯ ಕೇಳು. ಪಂಚಾಂಗದ ವಿಷಯದಲ್ಲಿ ಈ ಕೆರೆ ದಂಡೆಯ ಹಳ್ಳಿಗಳಲ್ಲೆಲ್ಲ ನನ್ನ ಸಮ ಯಾರೂ ಇಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟರೂ ಅಂಗಳದಲ್ಲಿ ನಿಂತು ಏಳು ನಕ್ಷತ್ರದ ಸೌಟನ್ನು ನೋಡಿ, ಅದರ ಹಿಡಿ ಯಾವ ದಿಕ್ಕಿಗೆ ತಿರುಗಿದೆ ಎಂಬುದರಿಂದ ತಿಂಗಳು ಹೇಳುತ್ತೇನೆ. ಈ ಮೊಲದ ವರ್ಷಕ್ಕೆ ಎರಡು ತುದಿಗೂ ವಸಂತ, ಹೊಟ್ಟೆಯಲ್ಲಿ ಒಂದು ಅಧಿಕ ಮಾಸ. ಅಧಿಕ ಮಾಸದಲ್ಲಿ ಮದುವೆಯಾದ ಮಗಳು ತವರಿಗೆ ಕಾಲಿನ ಜೋಡು ಕೊಡಬೇಕು, ಅದರಿಂದ ಹೆತ್ತವರ ಆಯುಸ್ಸು ಬೆಳೆಯುತ್ತದೆ. ಮದುವೆಯಾಗದವಳು ಕೊಡುವ ಹಾಗಿಲ್ಲ. ಅರ್ಥವಾಯಿತೇ? ಅಣ್ಣ ಆ ಜೋಡನ್ನು ಕಾಲಿಗೆ ಹಾಕಿದರೆ ನಿನ್ನ ಮದುವೆಯನ್ನು ಒಪ್ಪಿದ ಹಾಗೆ. ಹಾಕದಿದ್ದರೆ ತನ್ನ ಆಯುಸ್ಸಿಗೆ ತಾನೇ ಕತ್ತರಿ ಹಾಕಿಕೊಂಡ ಹಾಗೆ. ಎರಡೂ ಕಡೆ ಬೇಲಿ ಹಾಕಿದ್ದೇನೆ, ಎಲ್ಲಿಗೆ ಓಡುತ್ತಾನೆ?

ಈ ವರ್ಷದ ಅಧಿಕ ಆರನೇ ತಿಂಗಳಿನದು. ಆರನೇ ತಿಂಗಳು ಹುಟ್ಟಿದ ಕೂಡಲೇ ನಿನ್ನ ಪೊಟ್ಟಣ ಇಲ್ಲಿ ಬಂದು ಬೀಳಬೇಕು.

ನಿನ್ನ ಚಿಕ್ಕಪ್ಪ,
ಗೆನ್‌ರಾಂಗ್

*

ಝೆಂಗ್‌ಝೌ
೧೯೮೭ ಮಾರ್ಚ್ ೨೧

ಚಿಕ್ಕಪ್ಪನಿಗೆ ನಮಸ್ಕಾರ.

ಪತ್ರ ಬಂತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಅಳಿಯ ಬಾವ್‌ಶಾನ್‌ಗೆ ಮಗ್ಗ ರಿಪೇರಿಯ ವಿಭಾಗದಲ್ಲೇ ಹಗಲು ಪಾಳಿ ಸಿಕ್ಕಿದೆ. ನನ್ನದು ಮೂರೂ ಪಾಳಿ ಸುತ್ತುತ್ತದೆ. ಕೋಣೆ ನಾಲ್ಕನೇ ಮಹಡಿಯಲ್ಲಿದೆ, ಕಿಟಕಿಯಿಂದ ರೈಲು ಕಾಣುತ್ತದೆ.

ಅಪ್ಪ ಕೊನೆಯ ಸಲ ನನಗೆ ಹೇಳಿದ ಮಾತು “ಬಾಗಿಲು ಹಾಕ್ಕೊಂಡು ಹೋಗು” ಅಂತ. ನಾನು ಹಾಕಿಕೊಂಡೇ ಬಂದೆ. ಆಮೇಲೆ ಬರೆದ ಯಾವ ಪತ್ರಕ್ಕೂ ಉತ್ತರವಿಲ್ಲ. ಜೋಡು ಕಳಿಸಿದರೆ ಉತ್ತರ ಬರುತ್ತದೆ ಎಂದು ನನಗೆ ನಂಬಿಕೆಯಿಲ್ಲ. ನೀವು ಹೇಳುತ್ತೀರಿ ಅಂತ ಮಾಡುತ್ತೇನೆ.

ಅಂಗಡಿಯಿಂದ ತರುವುದಿಲ್ಲ, ನಾನೇ ಹೊಲಿಯುತ್ತೇನೆ. ಅಪ್ಪನ ಕಾಲಿನ ಅಳತೆ ಬೇಕು. ಇಲ್ಲಿಯ ಗೋಡೆ ಕ್ಯಾಲೆಂಡರಿನಲ್ಲಿ ಪಾಳಿ, ರಜೆ ಬಿಟ್ಟರೆ ಚಂದ್ರನ ದಿನಗಳು ಇಲ್ಲ, ಆದ್ದರಿಂದ ಆರನೇ ತಿಂಗಳು ಯಾವಾಗ ಹುಟ್ಟುತ್ತದೆ ಎಂಬುದನ್ನೂ ಬರೆಯಿರಿ.

ಸುಲಾನ್

*

ನ್ಯು ಕೇರಿ
ಮೂರನೇ ತಿಂಗಳು, ಇಪ್ಪತ್ತೆಂಟನೇ ದಿನ

ಮಗಳೇ,

ಅಳತೆ ಇದರೊಂದಿಗಿದೆ. ಎರಡು ಹುಲ್ಲುಕಡ್ಡಿ, ಉದ್ದನೆಯದು ಉದ್ದಕ್ಕೆ, ಮೋಟು ಅಗಲಕ್ಕೆ. ಅವು ನನ್ನ ಕೈಗೆ ಬಂದ ಬಗೆ ಹೇಳದಿದ್ದರೆ ನನಗೆ ಊಟ ರುಚಿಸುವುದಿಲ್ಲ.

ಕಾಲು ಕೊಡು ಅಂದರೆ ಅಣ್ಣ ಕೊಡುತ್ತಾನೆಯೇ? ಏಕೆ ಅಂತ ಕೇಳುತ್ತಾನೆ. ಆದ್ದರಿಂದ ಭತ್ತದ ಸಸಿಮಡಿ ಹದ ಮಾಡುವಾಗ ಬದುವಿನ ಮೇಲೆ ನಿಂತು ಕೂಗಿದೆ.

“ಅಣ್ಣಾ, ಬಾ ಇಲ್ಲಿ! ಏಡಿ ಬದು ಕೊರೆದಿದೆ.”

“ಎಲ್ಲೋ?”

“ಇಲ್ಲೇ. ಬಲಗಾಲು ಇಡು. ಇನ್ನೂ ಒತ್ತು. ಹಿಮ್ಮಡಿ, ಹಿಮ್ಮಡಿ!”

“ಏಡಿ ಹಿಡಿಯೋದಾ, ತುಳಿದು ಚಟ್ನಿ ಮಾಡೋದಾ? ನಿನ್ನ ತಲೆಯಲ್ಲಿ ಏನಿದೆಯೋ!”

“ಆಯ್ತು, ಈಗ ಮೆಲ್ಲಗೆ ಎತ್ತು. ಮೆಲ್ಲಗೆ!”

“ಏಡಿ?”

“ಓಡಿಹೋಯ್ತು.”

ಅವನು ಬೈದುಕೊಂಡು ಹೋದ ಮೇಲೆ ಹೆಜ್ಜೆಯ ಗುರುತಿನಲ್ಲಿ ಕಡ್ಡಿ ಇಟ್ಟು ಮುರಿದುಕೊಂಡೆ. ಇಂಥ ಅಚ್ಚುಕಟ್ಟಾದ ಹೆಜ್ಜೆಯನ್ನು ಪಟ್ಟಣದ ಯಾವ ಅಂಗಡಿಯವನೂ ತೆಗೆಯಲಾರ. ಅವನ ಪಾದ ನನ್ನದಕ್ಕಿಂತ ಚಿಕ್ಕದು ಎಂಬುದೂ ಇದರಿಂದ ಸಿದ್ಧವಾಯಿತು. ಐವತ್ತು ವರ್ಷದ ತಕರಾರು ಮುಗಿಯಿತು.

ಆರನೇ ತಿಂಗಳು ನಿಮ್ಮ ಕ್ಯಾಲೆಂಡರಿನ ಜೂನ್ ಇಪ್ಪತ್ತಾರಕ್ಕೆ ಹುಟ್ಟುತ್ತದೆ. ಶಾಲೆಯ ಮೇಷ್ಟ್ರನ್ನು ಕೇಳಿ ಬರೆದದ್ದಲ್ಲ, ನಾನೇ ಲೆಕ್ಕ ಹಾಕಿದೆ. ಮೇಷ್ಟ್ರು ಆಮೇಲೆ ಸರಿ ಅಂದರು.

ವಸಂತದ ರೇಷ್ಮೆ ಹುಳು ಮನೆಗೆ ಬಂದಿದೆ, ಇನ್ನು ಬಾಗಿಲು ತೆರೆಯುವ ಹಾಗಿಲ್ಲ, ಜೋರಾಗಿ ಮಾತಾಡುವ ಹಾಗೂ ಇಲ್ಲ. ನನ್ನ ಕಷ್ಟ ಊಹಿಸಿಕೋ.

ಗೆನ್‌ರಾಂಗ್

*

ನ್ಯು ಕೇರಿ
ಆರನೇ ತಿಂಗಳು, ಹತ್ತನೇ ದಿನ

ಸುಲಾನ್,

ಜೋಡು ನಿನ್ನೆ ಬಂತು. ಹೊಲಿಗೆ ಚೆನ್ನಾಗಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಏಕೆಂದರೆ ಆಮೇಲಿನದು ಚೆನ್ನಾಗಿಲ್ಲ.

ಅಂಚೆಯವನು ಪೊಟ್ಟಣವನ್ನು ಅಣ್ಣನ ಕೈಗೇ ಕೊಟ್ಟ. ನಾನು ಹಿಪ್ಪುನೇರಳೆ ತೋಟದಲ್ಲಿದ್ದೆ. ಬರುವಷ್ಟರಲ್ಲಿ ಅವನು ಅಂಗಳದ ಕಟ್ಟೆಯ ಮೇಲೆ ಕೂತು ಬಿಚ್ಚಿದ್ದ. ಶೆನ್ ಅಜ್ಜಿ ಬಟ್ಟೆ ಒಗೆಯುವುದನ್ನು ಬಿಟ್ಟು ಬಂದು ನಿಂತಿದ್ದಳು. ಅವನು ಒಂದು ಜೋಡನ್ನು ಅಂಗೈ ಮೇಲೆ ಇಟ್ಟುಕೊಂಡು ಅಟ್ಟೆಯ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸುತ್ತಿದ್ದ. ಆ ಹೊತ್ತಿನಲ್ಲಿ ಅವನ ಮುಖ ಚೆನ್ನಾಗಿಯೇ ಇತ್ತು, ನಾನು ಕಣ್ಣಾರೆ ಕಂಡೆ.

“ಅಜ್ಜಿ, ಇವತ್ತು ಯಾವ ದಿನ?” ಅಂತ ಕೇಳಿದ.

“ಆರನೇ ತಿಂಗಳ ಒಂಬತ್ತು.”

“ಯಾವ ಆರು?”

“ಮೊದಲನೇದು. ಎರಡನೇದು ಇನ್ನೂ ಹುಟ್ಟಿಲ್ವಲ್ಲ!”

ಜೋಡನ್ನು ಕಾಗದದೊಳಗೆ ವಾಪಸು ಇಟ್ಟ. ಮೊದಲು ಹೇಗೆ ಮಡಿಸಿತ್ತೋ ಹಾಗೆಯೇ ಮಡಿಸಿದ. “ಬರೀ ತಿಂಗಳಲ್ಲಿ ಜೋಡು ಕೊಟ್ಟರೆ ಏನರ್ಥ ಅಂತ ಮಗೂಗೂ ಗೊತ್ತು. ನಡಿ, ಹೋಗು, ನಿನ್ನ ದಾರಿ ನೋಡ್ಕೋ ಅಂತ. ಬಾಗಿಲು ಹಾಕ್ಕೊಂಡು ಹೋಗು ಅಂದಿದ್ದೆ. ಉತ್ತರ ಬಂತು” ಅಂದ.

ನಾನು ಬಿಡಲಿಲ್ಲ. “ಅಣ್ಣ, ಇದೇ ಅಧಿಕ. ಸರ್ಕಾರದ ಪಂಚಾಂಗದಲ್ಲಿ ಅಚ್ಚಿನ ತಪ್ಪಾಗಿದೆ. ರಾತ್ರಿ ಸೌಟು ನೋಡು, ಅದರ ಹಿಡಿ ಯಾವ ಮನೆಗೂ ತೋರಿಸ್ತಿಲ್ಲ, ಎರಡು ಮನೆ ನಡುವೆ ನಿಂತಿದೆ” ಅಂದೆ.

“ಮಹಾಸೆಕೆಯ ದಿನ ಯಾವ ತಿಂಗಳಲ್ಲಿ ಬರುತ್ತೆ?”

“ಇದರಲ್ಲೇ. ಕೊನೆಗೆ.”

“ಅವತ್ತು ಸೂರ್ಯ ಮನೆ ಬದಲಾಯಿಸ್ತಾನೆ. ಅಂಥ ತಿಂಗಳು ಅಧಿಕ ಆಗುತ್ತೇನೋ, ಗೆನ್‌ರಾಂಗ್? ಇದನ್ನ ನನಗೆ ಕಲಿಸಿದ್ದೇ ನೀನು.”

ಶಿಷ್ಯ ಒಳ್ಳೆಯವನಾದರೆ ಗುರುವಿಗೆ ಹೀಗೂ ಕಷ್ಟವಿದೆ.

ವಿಷಯ ಇಷ್ಟು. ನಮ್ಮಲ್ಲಿ ನಿಜ ತಿಂಗಳು ಮೊದಲು, ಅಧಿಕ ಆಮೇಲೆ. ಈಗ ನಡೆಯುತ್ತಿರುವುದು ನಿಜ ಆರು. ಇದು ಮುಗಿದ ಮೇಲೆ ಇನ್ನೊಂದು ಆರು ಬರುತ್ತದೆ, ಅದು ಅಧಿಕ. ಎರಡನೆಯದು ಎಂದು ನಾನು ಬರೆದಿರಲಿಲ್ಲವೇ? ಬರೆದಿರಲಿಲ್ಲವಂತೆ. ಅಂಚೆಗೆ ಹಾಕುವ ಮೊದಲು ನಾನು ಓದಿದ್ದನ್ನು ನಿನ್ನ ಚಿಕ್ಕಮ್ಮ ಕೇಳಿಸಿಕೊಂಡಿದ್ದಳಂತೆ. “ಆಗಲೇ ಹೇಳೋಣ ಅಂತಿದ್ದೆ, ನೀವು ಮಾತಿಗೆ ಸಂದಿ ಕೊಟ್ಟರೆ ತಾನೆ?” ಅನ್ನುತ್ತಾಳೆ. ಇಷ್ಟು ಸಣ್ಣ ವಿಷಯ ನಿನಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಅಂಚೆಯವರೂ ಅಷ್ಟು ಚುರುಕಾಗಿ ತಲುಪಿಸಬೇಕಿರಲಿಲ್ಲ.

ಇನ್ನೊಂದು ಜೊತೆ ಹೊಲಿ. ಜುಲೈ ಇಪ್ಪತ್ತಾರರ ಮೇಲೆ ಬರಲಿ.

ಗೆನ್‌ರಾಂಗ್

*

ಝೆಂಗ್‌ಝೌ
೧೯೮೭ ಜುಲೈ ೧೪

ಚಿಕ್ಕಪ್ಪನಿಗೆ,

ಇನ್ನೊಂದು ಜೊತೆ ಕಳಿಸುವುದಿಲ್ಲ. ಹೊಲಿಯಲು ಆಗುವುದಿಲ್ಲ ಅಂತಲ್ಲ. ಹಳೆ ಬಟ್ಟೆಗೆ ಗಂಜಿ ಹಚ್ಚಿ ಪದರ ಮಾಡಿ ಒಣಗಿಸಿ ಅಟ್ಟೆ ಕಟ್ಟಿದ್ದೆ. ಸೆಣಬಿನ ದಾರವನ್ನು ಬಾವ್‌ಶಾನ್ ತನ್ನ ತೊಡೆಯ ಮೇಲೆ ಹೊಸೆದುಕೊಟ್ಟ. ಮಾವನಿಗೆ ಅಂತ ಹೇಳಿದ್ದಕ್ಕೆ ದಾರ ದಪ್ಪವಾಗಿಯೇ ಹೊಸೆದ, ಸೂಜಿಗೆ ಹೋಗಲಿಲ್ಲ, ಬಿಚ್ಚಿ ಮತ್ತೆ ಹೊಸೆದ. ಅವನಿಗೆ ಈಗ ಏನು ಹೇಳಲಿ? ತಿಂಗಳು ತಪ್ಪಾಯಿತು ಅಂದೆ. ಅವನು ಗೋಡೆಯ ಕ್ಯಾಲೆಂಡರ್ ನೋಡಿ, “ಜುಲೈ ಒಂದೇ ಇದೆಯಲ್ಲ?” ಅಂದ. ಉತ್ತರದವನು, ಅವನ ತಪ್ಪಿಲ್ಲ.

ತಪ್ಪು ತಿಂಗಳಲ್ಲಿ ಬಂದದ್ದಕ್ಕೆ ಮಗಳು ತನ್ನನ್ನು ದೂಡಿದಳು ಅಂತ ನಂಬಲು ಅಪ್ಪನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಹಾಗಾದರೆ ಸರಿಯಾದ ತಿಂಗಳಲ್ಲಿ ಬಂದಿದ್ದರೂ ನಂಬಲು ಬೇರೆ ಏನಾದರೂ ಸಿಗುತ್ತಿತ್ತು.

ಒಂದು ಮಾತು ಕೇಳುತ್ತೇನೆ. ಕುರುಡು ವರ್ಷದಲ್ಲಿ ಮದುವೆಯಾದರೆ ಒಬ್ಬರು ಉಳಿಯುವುದಿಲ್ಲ ಎನ್ನುತ್ತಾರಲ್ಲ ಅಪ್ಪ, ಅವರು ಮತ್ತು ಅಮ್ಮ ದಿನ ನೋಡಿ, ವರ್ಷ ನೋಡಿ, ಒಳ್ಳೆಯದನ್ನೇ ಆರಿಸಿ ಮದುವೆಯಾಗಿರಬೇಕು. ಅಮ್ಮ ಏಕೆ ಉಳಿಯಲಿಲ್ಲ?

ಇದನ್ನು ಅಪ್ಪನಿಗೆ ಓದಿ ಹೇಳಿ. ಎಲ್ಲಿಯೂ ಹಾರಿಸಬೇಡಿ.

ಸುಲಾನ್

*

ನ್ಯು ಕೇರಿ
ಆರನೇ ತಿಂಗಳು, ಇಪ್ಪತ್ತೆಂಟನೇ ದಿನ, ಮಹಾಸೆಕೆ

ಮಗಳೇ,

ಓದಿದೆ. ಹಾರಿಸಬೇಡಿ ಅಂತ ನೀನು ಬರೆದಿದ್ದೆ, ಆದರೂ ಹಾರಿಸಿದೆ. ಅಮ್ಮನ ಮಾತು ಬಂದ ಕಡೆ ಕೆಮ್ಮಿದಂತೆ ಮಾಡಿ, “ಇಂತಿ ಸುಲಾನ್” ಅಂತ ಮುಗಿಸಿದೆ. ಅಣ್ಣ ಸೊಪ್ಪು ಹೆಚ್ಚುತ್ತಿದ್ದ. ಕತ್ತಿ ನಿಲ್ಲಿಸಿ, “ಕಾಗದದ ಕೆಳಗೆ ಇನ್ನೂ ಅಕ್ಷರ ಕಾಣ್ತಿದೆ. ಓದು” ಅಂದ.

ಓದಿದೆ.

ಅವನು ಹೆಚ್ಚಿದ ಸೊಪ್ಪನ್ನು ಎತ್ತಿಕೊಂಡು ಹುಳುವಿನ ಕೋಣೆಗೆ ಹೋದ. ಹುಳುಗಳು ಪೊರೆ ಬಿಟ್ಟು ಕೊನೆಯ ಜ್ವರದಿಂದ ಎದ್ದಿದ್ದವು. ಸೊಪ್ಪು ಹಾಕಿದ ಮೇಲೆ ಅವು ಮೇಯುವ ಸದ್ದು ನಿನಗೆ ನೆನಪಿರಬೇಕು. ಆಮೇಲೆ ಒಳಗಿನಿಂದಲೇ ಅಂದ, “ಬರೆ ಅವಳಿಗೆ. ನಾವು ಮದುವೆಯಾದದ್ದೂ ಹುಲಿಯ ವರ್ಷದಲ್ಲೇ. ಹಿಂದಿನದರ ಹಿಂದಿನ ಹುಲಿ. ಅದೂ ಕುರುಡೇ.” ಬಾಗಿಲಿಗೆ ಬಂದು, “ಇಷ್ಟೇ ಬರೆ. ಹೆಚ್ಚು ಬರೀಬೇಡ” ಅಂದ.

ನಾನು ಹೆಚ್ಚು ಬರೆಯುತ್ತಿದ್ದೇನೆ. ಹಸಿವಿನ ವರ್ಷಗಳು ಆಗಷ್ಟೇ ಮುಗಿದಿದ್ದವು. ಗದ್ದೆಯಲ್ಲಿ ಮತ್ತೆ ಭತ್ತದ ತೆನೆ ಕಂಡದ್ದೇ ತಡ, ಊರಿನ ಹುಡುಗರೆಲ್ಲ ಮದುವೆಗೆ ಅವಸರ ಮಾಡಿದರು. ನಮ್ಮಮ್ಮ, “ಕುರುಡು ವರ್ಷ, ಒಂದು ಹೊಸ ವರ್ಷ ದಾಟಲಿ” ಅಂದಳು. “ಇಷ್ಟು ಸಾವು ನೋಡಿದ ಮೇಲೆ ಪಂಚಾಂಗಕ್ಕೆ ಯಾರು ಹೆದರ್ತಾರೆ?” ಅಂತ ಅಣ್ಣ ಕೇಳಿದ. ಆಗ ಅವನು ಚೆನ್ನಾಗಿ ಮಾತಾಡುತ್ತಿದ್ದ, ನನ್ನಷ್ಟಲ್ಲದಿದ್ದರೂ. ನಿನಗೆ ಆರು ತುಂಬುವ ಮೊದಲು ನಿಮ್ಮಮ್ಮನಿಗೆ ಆ ಕೆಮ್ಮು ಹಿಡಿಯಿತು, ಆ ಚಳಿಗಾಲ ದಾಟಲಿಲ್ಲ. ಅದು ಎದೆಯ ರೋಗ, ಕೇರಿಯಲ್ಲಿ ಆ ವರ್ಷ ಇನ್ನೂ ಕೆಲವರಿಗೆ ಬಂದಿತ್ತು, ಅವರೆಲ್ಲ ಒಳ್ಳೆಯ ವರ್ಷಗಳಲ್ಲಿ ಮದುವೆಯಾದವರು. ಅದನ್ನು ಅವನಿಗೆ ಎಷ್ಟೋ ಸಲ ಹೇಳಿದ್ದೇನೆ. ಈ ಒಂದು ವಿಷಯದಲ್ಲಿ ನನ್ನ ಬಾಯಿ ಕೆಲಸಕ್ಕೆ ಬರುವುದಿಲ್ಲ.

ನಿನ್ನ ಮದುವೆ ಆಗಿಲ್ಲ, ಆಗಿಲ್ಲ ಅಂತ ಅವನು ಹೇಳುವುದನ್ನು ಸಿಟ್ಟು ಅಂತಲೇ ನಾನೂ ತಿಳಿದಿದ್ದೆ.

ಗೆನ್‌ರಾಂಗ್

*

ತಂತಿ
ಅಧಿಕ ಆರನೇ ತಿಂಗಳು, ಎಂಟನೇ ದಿನ

ಅಣ್ಣ ಕಾಣೆ. ಪೇಟೆಗೆ ರೇಷ್ಮೆಗೂಡು ಮಾರಲು ಹೋದವನು ಬಂದಿಲ್ಲ. ಜೋಡೂ ಇಲ್ಲ. ಕೆರೆ ದಂಡೆಯೆಲ್ಲ ನೋಡಿದೆವು. ತಿಳಿದರೆ ತಿಳಿಸು. ಗೆನ್‌ರಾಂಗ್

*

ಝೆಂಗ್‌ಝೌ
೧೯೮೭ ಆಗಸ್ಟ್ ೫

ಚಿಕ್ಕಪ್ಪನಿಗೆ,

ಅಪ್ಪ ಇಲ್ಲಿದ್ದಾರೆ ಎಂದು ಮೊನ್ನೆಯೇ ತಂತಿ ಕೊಟ್ಟಿದ್ದೇವೆ, ತಲುಪಿರಬೇಕು. ಹೇಳದೆ ಬಂದದ್ದೇಕೆ ಎಂದು ಕೇಳಿದೆ. “ಹೇಳಿದ್ರೆ ಅವನೂ ಹೊರಡ್ತಿದ್ದ. ರೈಲಿನಲ್ಲಿ ದಾರಿಯುದ್ದಕ್ಕೂ ಯಾರು ಕೇಳ್ತಾರೆ?” ಅಂದರು. ಅವರ ಮಾತು ಹೇಗಿತ್ತೋ ಹಾಗೆಯೇ ಬರೆದಿದ್ದೇನೆ.

ಸೋಮವಾರ ಬೆಳಿಗ್ಗೆ ಪಾಳಿ ಮುಗಿಸಿ ಬರುವಾಗ ಅಪ್ಪ ಕಟ್ಟಡದ ಕೆಳಗೆ ಒಣ ಬಿದಿರು ಕಳಲೆಯ ಚೀಲದ ಮೇಲೆ ಕೂತಿದ್ದರು. ಕಾಲಲ್ಲಿ ಅದೇ ಹಳೆಯ ಹಸಿರು ಕ್ಯಾನ್ವಾಸ್ ಬೂಟು. ನನ್ನನ್ನು ನೋಡಿ ಎದ್ದು ನಿಂತರು. ತೆಳ್ಳಗಾಗಿದ್ದೀಯ ಅಂತಲೋ ದಪ್ಪಗಾಗಿದ್ದೀಯ ಅಂತಲೋ ಹೇಳಲಿಲ್ಲ. “ಎಲ್ಲಿ ಅವನು?” ಅಂದರು.

ಬಾವ್‌ಶಾನ್ ಕೆಲಸಕ್ಕೆ ಹೊರಟವನು ಮೆಟ್ಟಿಲಿಳಿದು ಬರುತ್ತಿದ್ದ.

“ನೀನೇನಾ?”

“ಹೌದು ಮಾವ.”

“ಕೆಮ್ಮು ಇದೆಯಾ?”

“ಇಲ್ಲ ಮಾವ.”

“ಮೇಲೆ ಓಡಿ ಹೋಗಿ ವಾಪಸ್ ಬಾ.”

ಅಪ್ಪನ ಮಾತು ಅವನಿಗೆ ಅರ್ಧ ಅರ್ಥವಾಗುವುದಿಲ್ಲ. ನಾನು ಹೇಳಿದೆ. ಅವನು ನಾಲ್ಕು ಮಹಡಿ ಓಡಿ ಹತ್ತಿ ಓಡಿ ಇಳಿದ. ಅಪ್ಪ ಅವನನ್ನು ತಿರುಗಿಸಿ ನಿಲ್ಲಿಸಿ ಬೆನ್ನಿಗೆ ಕಿವಿ ಇಟ್ಟರು. ಕೆಲಸಕ್ಕೆ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. “ಇನ್ನೊಂದು ಸಲ” ಅಂದರು. ಅವನು ಇನ್ನೊಂದು ಸಲ ಹೋಗಿ ಬಂದ. ಅಪ್ಪ ಬಹಳ ಹೊತ್ತು ಕಿವಿ ತೆಗೆಯಲಿಲ್ಲ.

ಅವನು ರಜೆ ಹೇಳಿ ಬಂದ. ಮೇಲೆ ಬಂದು ಅಪ್ಪ ಮುಖ ತೊಳೆದರು. ಬಾವ್‌ಶಾನ್ ಗೋಧಿ ಶಾವಿಗೆ ಬೇಯಿಸಿದ. “ಈ ಕಡೆ ಅನ್ನ ಮಾಡೋದೇ ಇಲ್ವಾ?” ಅನ್ನುತ್ತಲೇ ಎರಡು ಬಟ್ಟಲು ತಿಂದರು. ಆಮೇಲೆ ಗಂಟು ಬಿಚ್ಚಿ ಕಾಗದದ ಪೊಟ್ಟಣ ತೆಗೆದರು. ನಾನು ಕಟ್ಟಿ ಕಳಿಸಿದ್ದ ಅದೇ ಕಾಗದ.

“ಇವತ್ತು ಯಾವ ದಿನ?”

“ಆಗಸ್ಟ್ ಮೂರು.”

“ಅದಲ್ಲ.”

ನನಗೆ ಗೊತ್ತಿರಲಿಲ್ಲ. ಬಾವ್‌ಶಾನ್ ಎದುರು ಮನೆಯ ಮುದುಕನನ್ನು ಕೇಳಿ ಬಂದು, “ಎರಡನೇ ಆರರ ಒಂಬತ್ತು” ಅಂದ.

ಅಪ್ಪ ಜೋಡನ್ನು ನನ್ನ ಕೈಗೆ ಕೊಟ್ಟರು. ಹಾಸಿಗೆಯ ಅಂಚಿನಲ್ಲಿ ಕೂತು ಹಳೆಯ ಬೂಟು ಬಿಚ್ಚಿದರು. “ಈಗ ಕೊಡು” ಅಂದರು.

ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರು ಹಾಕಿಕೊಂಡರು. ಮುಂದೆ ಸ್ವಲ್ಪ ಬಿಗಿಯಾಯಿತು. ನಿಮ್ಮ ಹುಲ್ಲುಕಡ್ಡಿ ದಾರಿಯಲ್ಲಿ ಒಣಗಿ ಕುಗ್ಗಿರಬೇಕು. “ಸರಿಯಾಗಿದೆ” ಅಂದರು.

ಆಮೇಲೆ ಹೊರಗೆ ಹೋದರು. ಎಲ್ಲಿಗೆ ಎಂದು ನಾನೂ ಬಾವ್‌ಶಾನನೂ ಹಿಂದೆ ಹೋದೆವು. ನಮ್ಮ ಸಾಲಿನ ಮೊದಲ ಬಾಗಿಲು ತಟ್ಟಿದರು. ಮಗು ಎತ್ತಿಕೊಂಡ ಹೆಂಗಸು ಬಂದು ನಿಂತಳು. ಅಪ್ಪ ಒಂದು ಕಾಲು ಮುಂದೆ ಚಾಚಿ ಏನೋ ಅಂದರು. ದಕ್ಷಿಣದ ಮಾತು, ಅವಳಿಗೆ ತಿಳಿಯಲಿಲ್ಲ. ಅಪ್ಪ ಬಾವ್‌ಶಾನ್ ಕಡೆ ತಿರುಗಿದರು. ಅವನು ನನ್ನ ಕಡೆ ನೋಡಿದ. ನಾನು ಅವನಿಗೆ ಹೇಳಿದೆ, ಅವನು ಅವಳಿಗೆ ಹೇಳಿದ, “ಮದುವೆಯಾದ ಮಗಳು ಕೊಟ್ಟ ಜೋಡು ಅಂತಿದ್ದಾರೆ, ನಮ್ಮ ಮಾವ.”

ಅವನು ಪೂರ್ತಿ ಹೇಳಿ ಮುಗಿಸುವವರೆಗೆ ಅಪ್ಪ ಕಾದರು. ಆಮೇಲೆ ಪಕ್ಕದ ಬಾಗಿಲು ತಟ್ಟಿದರು. ಆ ಸಾಲಿನ ಒಂದು ಬಾಗಿಲನ್ನೂ ಬಿಡಲಿಲ್ಲ.

ಸುಲಾನ್

*

ನ್ಯು ಕೇರಿ
ಅಧಿಕ ಆರನೇ ತಿಂಗಳು, ಹದಿನೇಳನೇ ದಿನ

ಮಗಳೇ,

ನಿನ್ನ ಪತ್ರವನ್ನು ಚಹಾದ ಅಂಗಡಿಯಲ್ಲಿ ಓದಿದೆ, ಅಕ್ಕಿ ಗಿರಣಿಯಲ್ಲಿ ಓದಿದೆ, ದೋಣಿಯವರಿಗೆ ದಂಡೆಯಲ್ಲಿ ನಿಂತು ಓದಿದೆ. ಹುಲ್ಲುಕಡ್ಡಿಯ ಸಾಲನ್ನು ಮಾತ್ರ ಹಾರಿಸಿದೆ.

ಎರಡನೆಯದು ಎಂಬ ಮಾತನ್ನು ನಾನು ಬೇಕೆಂದೇ ಬಿಟ್ಟಿದ್ದೆ ಎಂದು ಊರಿಗೆಲ್ಲ ತಿಳಿಸಿದ್ದೇನೆ. ಯೋಚನೆ ಮಾಡು, ಸರಿಯಾದ ತಿಂಗಳಲ್ಲಿ ಬಂದಿದ್ದರೆ ಅಣ್ಣ ಜೋಡು ಹಾಕಿಕೊಂಡು ಇದೇ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಮುಗಿಸುತ್ತಿದ್ದ. ನಿನ್ನ ಮಹಡಿ ಯಾರು ಹತ್ತುತ್ತಿದ್ದರು? ಇಷ್ಟು ದೂರದ ಲೆಕ್ಕ ಹಾಕುವವನು ಬೇರೆ ಯಾರಿದ್ದಾನೆ? ಊರಿನವರು ನಂಬಿದ್ದಾರೆ. ಶೆನ್ ಅಜ್ಜಿ ಅರ್ಧ ನಂಬಿದ್ದಾಳೆ. ನಿನ್ನ ಚಿಕ್ಕಮ್ಮ ನೆಗಾಡುತ್ತಾಳೆ.

ಅಧಿಕ ಮುಗಿದ ಮೇಲೆ ನೀವಿಬ್ಬರೂ ಬನ್ನಿ. ಎಂಟನೇ ತಿಂಗಳ ಹುಣ್ಣಿಮೆಗೆ ಮದುವೆಯ ಊಟ ಹಾಕಬೇಕೆಂದು ಅಣ್ಣ ನಿನ್ನ ಪತ್ರದ ಜೊತೆ ಬೇರೆ ಚೀಟಿಯಲ್ಲಿ ಬರೆಸಿದ್ದಾನೆ. ದಿನ ಅವನೇ ಇಟ್ಟಿದ್ದಾನೆ, ನನ್ನನ್ನು ಕೇಳಿಲ್ಲ. ನೋಡಿದೆ, ದಿನ ಚೆನ್ನಾಗಿಯೇ ಇದೆ.

ಹೊಸ ಹುಳು ಬಂದಿವೆ. ಸೊಪ್ಪು ನಾನೇ ಹೆಚ್ಚುತ್ತೇನೆ, ದಪ್ಪವಾಗುತ್ತದೆ, ಹುಳು ಮೇಯುತ್ತವೆ. ಸಂಜೆ ಸೌಟು ಮೂಡಿದ ಮೇಲೆ ಅಂಗಳದಲ್ಲಿ ನಿಂತು ಹಿಡಿ ಇಂಥ ಕಡೆ ತಿರುಗಿದೆ ಎಂದರೆ, ಅಲ್ಲ ಎನ್ನುವವರು ಮನೆಯಲ್ಲಿ ಯಾರೂ ಇಲ್ಲ. ಹೇಳಿದ್ದೆಲ್ಲ ಸರಿಯಾಗಿಬಿಡುತ್ತಿದೆ. ನನಗೆ ಸಾಕಾಗಿದೆ.

ಆದರೂ ಅಣ್ಣನನ್ನು ಬೇಗ ಕಳಿಸಬೇಡ.

ಗೆನ್‌ರಾಂಗ್